ಗೋದಾಮಿನ ಒಲೆ

ಸರ್ಕಾರಿ ನೌಕರಿಗೆ ಸೇರಿದ ಮೇಲೆ ನನಗೆ ಅಂಟಿಕೊಂಡ ಮೊದಲ ಕಾಯಿಲೆ ಸಿಟ್ಟು. ಅದಕ್ಕೂ ಮುಂಚೆ ಚಿಕ್ಕನಾಯಕನಹಳ್ಳಿಯ ನಮ್ಮ ಬೀದಿಯಲ್ಲಿ ನನಗೆ ಸಾಧು ಹುಡುಗಿ ಅಂತ ಹೆಸರಿತ್ತು. ಹೊಂಗೆಕಟ್ಟೆ ಫಾರಮ್ಮಿಗೆ ಟೈಪಿಸ್ಟಾಗಿ ಬಂದು ವರ್ಷ ತುಂಬುವುದರೊಳಗೆ ನಮ್ಮಮ್ಮ, "ಗುರುಶಾಂತಾ, ನೀನು ಅನ್ನ ಕಲಸೋದು ನೋಡಿದ್ರೆ ಯಾರ ಮೇಲೋ ಸೇಡು ತೀರಿಸ್ಕೊಳ್ತಾ ಇರೋ ಹಂಗಿದೆ ಕಣೇ" ಅನ್ನುವಂತಾಗಿತ್ತು.

ಹೊಂಗೆಕಟ್ಟೆ ಅಂದರೆ ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಕೈ ತೋರಿಸಿದರೆ ಮಾತ್ರ ಬಸ್ಸು ನಿಲ್ಲುವ ಜಾಗ. ಅಲ್ಲಿ ಸರ್ಕಾರದ್ದೊಂದು ತೆಂಗಿನ ಫಾರಂ. ಮರಗಳೇನೋ ಚೆನ್ನಾಗಿದ್ದವು, ಕಾಯಿ ಬಿಡಲು ಅವಕ್ಕೆ ಯಾರ ಸಹಿಯೂ ಬೇಕಿರಲಿಲ್ಲ. ಉಳಿದದ್ದಕ್ಕೆಲ್ಲ ಬೇಕಿತ್ತು. ಪಂಪ್‌ಸೆಟ್ಟಿನ ವಾಷರ್ ಹೋದರೆ ಮೇಲಿನ ಆಫೀಸಿಗೆ ಬರೆಯಬೇಕು, ವಾಷರ್ ಬಂದು ಸೇರುವ ಹೊತ್ತಿಗೆ ಮಳೆಗಾಲವೂ ಬಂದಿರುತ್ತಿತ್ತು. ನಮಗೆ ಜೀಪಿನ ಡ್ರೈವರ್ ಇದ್ದ, ಜೀಪಿರಲಿಲ್ಲ. ಅವನು ದಿನಾ ಬಂದು ಸಹಿ ಹಾಕಿ ಹೊಂಗೆ ಮರದ ಕೆಳಗೆ ಮಲಗುತ್ತಿದ್ದ. ಕೊಬ್ಬರಿ ಒಣಗಿಸುವ ಕರೆಂಟಿನ ಯಂತ್ರವೊಂದು ಲಾರಿಯಲ್ಲಿ ಬಂದು ಇಳಿದಿತ್ತು. ಅದಕ್ಕೆ ಬೇಕಾದ ಮೂರು ಫೇಸಿನ ಲೈನು ಬರಲೇ ಇಲ್ಲ. ಅದರ ಹೊಟ್ಟೆಯೊಳಗೆ ಪಕ್ಕದ ಹಳ್ಳಿಯ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ತುಕ್ಕು ಹಿಡಿಯದಿರಲೆಂದು ವರ್ಷ ವರ್ಷ ಅದಕ್ಕೆ ಬಣ್ಣ ಬಳಿಸುವ ದುಡ್ಡು ಮಾತ್ರ ತಪ್ಪದೆ ಮಂಜೂರಾಗುತ್ತಿತ್ತು. ಇದೆಲ್ಲದರ ಕಾಗದಗಳನ್ನೂ ಕಾರ್ಬನ್ ಇಟ್ಟು ಟೈಪು ಮಾಡುತ್ತಿದ್ದವಳು ನಾನು. ಸಿಟ್ಟು ಬರದೆ ಏನಾಗುತ್ತದೆ?

ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತಿದ್ದದ್ದು ಗೋದಾಮು. ನಮ್ಮ ಸೀಮೆಯ ಕೊಬ್ಬರಿ ಬಿಸಿಲಲ್ಲಿ ಆಗುವುದಲ್ಲ, ಅಟ್ಟದ ಮೇಲೆ ಆಗುವುದು. ಬಲಿತ ಕಾಯನ್ನು ಮಟ್ಟೆ ಸಮೇತ, ನಾರಿನ ಸಿಪ್ಪೆ ಸುಲಿಯದೆ, ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿ, ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಬಿಡಬೇಕು. ಕೆಳಗಿನ ಒಲೆಯ ಹೊಗೆ, ಕಾವು ಎರಡೂ ಮೇಲೇರಿ, ಕಾಯೊಳಗಿನ ನೀರು ನಿಧಾನಕ್ಕೆ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉಂಡೆಯಾಗಿ ಗುಡುಗುಡು ಅನ್ನಬೇಕು. ಹೆಣ್ಣು ಕೊಡಲು ಬಂದವರು ಈ ಕಡೆ ಮೊದಲು ಕತ್ತೆತ್ತಿ ನೋಡುವುದೇ ಅಟ್ಟವನ್ನು. ಇದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಗೋದಾಮಿನ ನಕ್ಷೆ ಮಾತ್ರ ಇಲ್ಲಿ ಹುಟ್ಟಿದ್ದಲ್ಲ. ಅದನ್ನು ಬರೆದವರು ಕೊಬ್ಬರಿಯನ್ನೂ ಭತ್ತದ ಹಾಗೆ ಮೂಟೆ ಕಟ್ಟಿ ಪೇರಿಸುತ್ತಾರೆ ಅಂದುಕೊಂಡಿರಬೇಕು. ಸಿಮೆಂಟಿನ ನೆಲ, ಸಿಮೆಂಟಿನ ಸೂರು, ಕಬ್ಬಿಣದ ಷಟರ್ರು, ಎತ್ತರದಲ್ಲಿ ಕೈ ತೂರದಷ್ಟು ಸಣ್ಣ ಕಿಟಕಿಗಳು. ಸೀಲಿಂಗ್ ಫ್ಯಾನು ಕೂಡ ಇತ್ತು. ಮೊದಲ ವರ್ಷ ರಾಶಿ ಹಾಕಿದ ಕಾಯಿ ಮೇಲಿನವು ಮೊಳಕೆ ಬಂದು, ಕೆಳಗಿನವು ಕೊಳೆತು, ಷಟರ್ ಎತ್ತಿದರೆ ಮೂಗು ಮುಚ್ಚಿಕೊಳ್ಳಬೇಕಾಯಿತಂತೆ.

ಆಗ ಮ್ಯಾನೇಜರಾಗಿದ್ದ ಲಕ್ಷ್ಮಯ್ಯನವರು ಇದೇ ಸೀಮೆಯ ಕಂದಿಕೆರೆ ಕಡೆಯವರು. ಕಾಗದ ಬರೆದು ಕೂತರೆ ತಮ್ಮ ಸರ್ವೀಸು ಮುಗಿದರೂ ಉತ್ತರ ಬರುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಯಾರನ್ನೂ ಕೇಳದೆ, ಬಿದ್ದ ಅಡಿಕೆ ಮರಗಳನ್ನು ಸೀಳಿಸಿ ದಬ್ಬೆ ಮಾಡಿಸಿ, ಗೋದಾಮಿನೊಳಗೇ ಒಂದು ಅಟ್ಟ ಕಟ್ಟಿಸಿದರು. ವಾಚ್‌ಮನ್ ಹನುಮಂತಯ್ಯನಿಗೆ ವಾಸಕ್ಕೆ ಮನೆ ಇರಲಿಲ್ಲ. ವಾಚ್‌ಮನ್ ಕ್ವಾರ್ಟರ್ಸ್ ಕಟ್ಟುವ ಫೈಲು ಸರ್ವೀಸಿನಲ್ಲಿ ನನಗಿಂತ ಸೀನಿಯರ್. ಲಕ್ಷ್ಮಯ್ಯನವರು ಅವನನ್ನೂ ಅವನ ಹೆಂಡತಿ ನಿಂಗಮ್ಮನನ್ನೂ ಅಟ್ಟದ ಕೆಳಗೆ ಸಂಸಾರ ಹೂಡಲು ಹೇಳಿದರು. ನಿಂಗಮ್ಮ ಮೂರು ಕಲ್ಲು ಇಟ್ಟು ಒಲೆ ಹಚ್ಚಿದಳು. ಆ ವರ್ಷದಿಂದ ನಮ್ಮ ಫಾರಮ್ಮಿನ ಕೊಬ್ಬರಿಗೆ ತಿಪಟೂರು ಮಾರ್ಕೆಟ್ಟಿನಲ್ಲಿ ಒಳ್ಳೆಯ ಹೆಸರು ಬಂತು. ಮೇಲಿನವರು ಹೊಗಳಿ ಬರೆದರು. ಆ ಹೊಗಳಿಕೆಯಲ್ಲಿ ಗೋದಾಮಿನ ಹೆಸರಿತ್ತು, ನಿಂಗಮ್ಮನದ್ದಿರಲಿಲ್ಲ.

ನಾನು ಸೇರಿದಾಗ ಲಕ್ಷ್ಮಯ್ಯನವರು ರಿಟೈರಾಗಿ ಮಲ್ಲಿಕಾರ್ಜುನಯ್ಯ ಅನ್ನುವವರು ಬಂದಿದ್ದರು. ಅವರೂ ಇದೇ ಸೀಮೆಯವರೇ, ದಂಡಿನಶಿವರದವರು. ಕೆಟ್ಟವರಲ್ಲ. ಆದರೆ ಆಡಿಟ್ ಅಂದರೆ ಮೈಯೆಲ್ಲ ಬೆವರುವ ಮನುಷ್ಯ. ಒಂದು ಪಿನ್ನು ಬೇಕಾದರೂ "ಇದಕ್ಕೆ ಆಧಾರ ಇದೆಯೇನಮ್ಮ?" ಅಂತ ಕೇಳುತ್ತಿದ್ದರು. ಗೋದಾಮಿನ ಒಲೆಗೆ ಯಾವ ಆಧಾರವೂ ಇಲ್ಲದ್ದರಿಂದ ಅವರು ಆ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ನೋಡದಿದ್ದರೆ ಇಲ್ಲ ಅಂತ ಲೆಕ್ಕ.

ಮಧ್ಯಾಹ್ನದ ಊಟಕ್ಕೆ ನಾನು ನಿಂಗಮ್ಮನ ಹತ್ತಿರ ಹೋಗುತ್ತಿದ್ದೆ. ನನ್ನ ಡಬ್ಬಿಯ ಚಿತ್ರಾನ್ನ ಅವಳಿಗೆ, ಅವಳ ಮುದ್ದೆ, ಹುರುಳಿಕಾಳು ಬಸ್ಸಾರು ನನಗೆ. ನನ್ನನ್ನು ಅವಳು ಕರೆಯುತ್ತಿದ್ದದ್ದು ಟೈಪಮ್ಮ ಅಂತ. ಒಳಗೆ ಹೋಗುವಾಗ ಸೆರಗು ಮೂಗಿಗೆ ಒತ್ತಿಕೊಂಡು, ಉಂಡು, ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದೆ. ನಿಂಗಮ್ಮ ಅಲ್ಲೇ ಇರುತ್ತಿದ್ದಳು. ಅವಳಿಗೆ ಕೆಮ್ಮು. ಒಂದು ಮಾತನ್ನೂ ಪೂರ್ತಿ ಆಡಗೊಡದ ಕೆಮ್ಮು. ಸ್ವಭಾವದಲ್ಲಿ ಬಾಯಿ ಜೋರಿನ ಹೆಂಗಸು, ಬೈಗುಳದಲ್ಲಿ ಒಳ್ಳೆಯ ಕೈ. ಡ್ರೈವರನ್ನೋ ಕಾಯಿ ಕದಿಯಲು ಬಂದ ಪೋಲಿಗಳನ್ನೋ ಅವಳು ಬೈಯಲು ಶುರುಮಾಡಿದರೆ ನಾವೆಲ್ಲ ಟೈಪು ನಿಲ್ಲಿಸಿ, ಪೆನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆವು. ಆದರೆ ಚೆನ್ನಾಗಿ ಏರುವ ಹೊತ್ತಿಗೆ ಸರಿಯಾಗಿ ಕೆಮ್ಮು ಬಂದು ಗೋಡೆ ಹಿಡಿದುಕೊಂಡು ಬಿಡುತ್ತಿದ್ದಳು. ಅವಳ ಕೆಮ್ಮು ನಿಲ್ಲುವಷ್ಟರಲ್ಲಿ ಬೈಸಿಕೊಳ್ಳುವವರು ಜಾಗ ಖಾಲಿ ಮಾಡಿರುತ್ತಿದ್ದರು. ಅವಳ ಒಂದು ಬೈಗುಳವಾದರೂ ಕೊನೆ ಮುಟ್ಟಿದ್ದನ್ನು ನಾನು ಕೇಳಿರಲಿಲ್ಲ. ಆಫೀಸಿನಲ್ಲಿ ಅದೊಂದು ತಮಾಷೆಯ ವಿಷಯವಾಗಿತ್ತು.

ನನಗಂತೂ ನಿಂಗಮ್ಮನ ಒಲೆ ಅಂದರೆ ಹೆಮ್ಮೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. "ನೋಡಿ, ಇಷ್ಟು ದೊಡ್ಡ ಫಾರಮ್ಮಿನಲ್ಲಿ ನೆಟ್ಟಗೆ ನಡೀತಾ ಇರೋದು ಅದೊಂದೇ. ಟೆಂಡರಿಲ್ಲ, ಯಂತ್ರ ಇಲ್ಲ, ಸಹಿ ಇಲ್ಲ." ಕೇಳಿದವರು ಹೌದು ಹೌದು ಅನ್ನುತ್ತಿದ್ದರು.

ಎಂಬತ್ತೈದರ ಮಾರ್ಚಿನಲ್ಲಿ ಹೊಗೆಯಿಲ್ಲದ ಒಲೆಯ ಯೋಜನೆಯವರು ಬಂದರು. ಮಣ್ಣಿನ ಒಲೆ, ಗೋಡೆಯಾಚೆಗೆ ಒಂದು ಕೊಳವೆ, ಹೊಗೆಯೆಲ್ಲ ಮನೆಯಿಂದ ಹೊರಗೆ. ಇಷ್ಟು ಒಲೆ ಹಾಕಬೇಕು ಅಂತ ಅವರಿಗೆ ಮೇಲಿನಿಂದ ಗುರಿ ಕೊಟ್ಟಿದ್ದರು. ನಮ್ಮ ಸೀಮೆಯಲ್ಲಿ ಗಿರಾಕಿಗಳೇ ಸಿಕ್ಕಿರಲಿಲ್ಲ. ಹಳ್ಳಿಗೆ ಹೋದರೆ ಗಂಡಸರು, "ಹೊಗೆ ಆಚೆಗೆ ಹೋದ್ರೆ ಅಟ್ಟದ ಕಾಯಿ ಏನಾಗ್ಬೇಕು ಸ್ವಾಮಿ? ನಿಮ್ ಒಲೆ ನೀವೇ ಇಟ್ಕಳಿ" ಅಂತ ಕಳಿಸಿಬಿಡುತ್ತಿದ್ದರಂತೆ. ಒಳಗೆ ಅಡುಗೆ ಮಾಡುತ್ತಿದ್ದ ಹೆಂಗಸರನ್ನು ಯಾರೂ ಕೇಳಿದಂತಿಲ್ಲ. ಮಾರ್ಚ್ ಮುಗಿಯುತ್ತಾ ಬಂತು, ಗುರಿ ಮುಟ್ಟಲಿಲ್ಲ. ಕೊನೆಗೆ ಸರ್ಕಾರಿ ಜಾಗಗಳಲ್ಲಿ ಎಲ್ಲೆಲ್ಲಿ ಒಲೆ ಉರಿಯುತ್ತದೋ ಅಲ್ಲೆಲ್ಲ ಹಾಕಿ ಅಂತ ಆದೇಶವಾಯಿತು. ಗೋದಾಮಿನ ಕಿಟಕಿಯಿಂದ ಹೊಗೆ ಬರುತ್ತಿದ್ದದ್ದು ರಸ್ತೆಗೇ ಕಾಣುತ್ತಿತ್ತಲ್ಲ.

ಒಲೆ ಕಟ್ಟಲು ಬಂದವನು ತುರುವೇಕೆರೆಯ ಗಾರೆ ಕೆಲಸದ ಮುನಾವರ್. ಯೋಜನೆಯವರು ಅವನಿಗೆ ತರಬೇತಿ ಕೊಟ್ಟಿದ್ದರು. ಅಟ್ಟ ನೋಡಿ ಅವನು ತಲೆ ಕೆರೆದುಕೊಂಡ. "ಸಾರ್, ಮೇಲೆ ಕಾಯಿ ಐತಲ್ಲ, ಇಲ್ಲಿ ಬ್ಯಾಡ ಅನ್ಸುತ್ತೆ" ಅಂದ. ಮಲ್ಲಿಕಾರ್ಜುನಯ್ಯನವರಿಗೆ ಗೊತ್ತಿರಲಿಲ್ಲ ಅಂತಲ್ಲ. ದಂಡಿನಶಿವರದಲ್ಲಿ ಅವರ ಮನೆಯಲ್ಲೂ ಅಟ್ಟವಿತ್ತು. ಆದರೆ ಬೇಡ ಅನ್ನಬೇಕಾದರೆ ಬರೆದು ಕೊಡಬೇಕು. ಇಲ್ಲಿ ಹೊಗೆ ಬೇಕು ಅಂತ ಬರೆದರೆ, ಸರ್ಕಾರಿ ಗೋದಾಮಿನಲ್ಲಿ ಬೆಂಕಿ ಇದೆ ಅಂತ ತಾವೇ ಒಪ್ಪಿಕೊಂಡ ಹಾಗೆ. ಅವರು ಸುಮ್ಮನೆ ಕಟ್ಟಿಸಿಕೊಂಡರು. ನಾನು ಆ ದಿನ ಎಷ್ಟು ಕುದ್ದಿದ್ದೆ ಅಂದರೆ, ಟೈಪು ಮಾಡುವಾಗ ರಿಬ್ಬನ್ನು ಹರಿದು ಹೋಯಿತು.

ಒಂದೆರಡು ತಿಂಗಳಾಗಿರಬೇಕು. ಮಧ್ಯಾಹ್ನ ಊಟಕ್ಕೆ ಹೋದಾಗ ನಿಂಗಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಮುಖ ಏನೋ ಬೇರೆಯಾಗಿತ್ತು. ಕಣ್ಣಿನ ಕೆಂಪು ಇಳಿದಿತ್ತು ಅಂತ ಆಮೇಲೆ ಹೊಳೆಯಿತು.

"ಟೈಪಮ್ಮ, ನಿನ್ನೆ ಅಂಗಾತ ಮಲಗಿದ್ದೆ ಕಣವ್ವ" ಅಂದಳು.

"ಹಂಗಂದ್ರೆ?"

"ಅಂಗಾತ ಕಣವ್ವ. ಚಾಪೆ ಮ್ಯಾಲೆ. ಏಸೋ ವರ್ಸ ಆಗಿತ್ತು. ಮಲಗಿದ್ರೆ ಉಸ್ರು ಕಟ್ಟೋದು, ಗ್ವಾಡೆಗೆ ಒರಗ್ಕಂಡು ಕುಂತೇ ನಿದ್ದೆ ಮಾಡ್ತಿದ್ದೆ. ನಿನ್ನೆ ಮಲಗಿದ್ನಾ, ಅಟ್ಟದ ದಬ್ಬೆ ಎಲ್ಲಾ ಕಾಣ್ತಿತ್ತು. ಓಹೋ, ನಮ್ಮನೆ ಹಿಂಗೈತಾ ಅನ್ನುಸ್ತು." ಹೇಳಿ, ಕೆಮ್ಮಿದಳು. ಕೆಮ್ಮು ಇನ್ನೂ ಇತ್ತು. ಆದರೆ ಮಾತು ಮುಗಿದ ಮೇಲೆ ಬಂತು.

ಅವತ್ತು ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಇಷ್ಟು ದಿನ ನಾನು ಊರಿಗೆಲ್ಲ ಸಾರಿದ ಟೆಂಡರಿಲ್ಲದ, ಸಹಿಯಿಲ್ಲದ ಆ ವ್ಯವಸ್ಥೆ ನಡೆಯುತ್ತಿದ್ದದ್ದು ಯಾವುದರ ಮೇಲೆ? ಸರ್ಕಾರ ಏನನ್ನೂ ಖರ್ಚು ಮಾಡಿರಲಿಲ್ಲ, ನಿಜ. ಖರ್ಚಾಗುತ್ತಿದ್ದದ್ದು ಈ ಹೆಂಗಸಿನ ಎದೆ. ಫಾರಮ್ಮಿನಲ್ಲಿ ಹಾಳಾಗುತ್ತಿದ್ದ ವಾಷರು, ಯಂತ್ರ, ಫ್ಯಾನು ಎಲ್ಲ ನನ್ನ ಕಣ್ಣಿಗೆ ಬಿದ್ದಿದ್ದವು. ಅವೆಲ್ಲ ಟೈಪಿಗೆ ಬರುತ್ತಿದ್ದವಲ್ಲ, ಅದಕ್ಕೇ ಇರಬೇಕು. ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ನನಗೆ ಇದು ಕಂಡಿರಲಿಲ್ಲ. ಕೊನೆಗೆ ಅವಳಿಗೆ ಉಸಿರು ಕೊಟ್ಟದ್ದು ಸರ್ಕಾರವೇ, ಅದೂ ಯಾರದೋ ಗುರಿ ಮುಟ್ಟಿಸುವ ಅವಸರದಲ್ಲಿ, ಬೇಡದ ಜಾಗದಲ್ಲಿ ಕಟ್ಟಿದ ಒಂದು ಒಲೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಳೆಗಾಲ ಬಂತು. ಹೊಗೆ ಕಾಣದ ಅಟ್ಟಕ್ಕೆ ಸಿಮೆಂಟಿನ ತೇವ ಏರಿತು. ಹಬ್ಬಗಳು ಮುಗಿದು ಕಾಯಿ ಇಳಿಸಿ ಸುಲಿಸಿದರೆ ಒಂದೂ ಬಿಡದೆ ಬೂಷ್ಟು ಹಿಡಿದಿದ್ದವು. ಒಡೆದರೆ ಮುಗ್ಗಲು ವಾಸನೆ. ಒಂದು ವರ್ಷದ ಫಸಲು ಹೋಯಿತು. ಮೇಲಿನ ಸಾಹೇಬರು ಜೀಪಿನಲ್ಲಿ ಬಂದು, ಇಳಿದು, ಕರ್ಚೀಫು ಮೂಗಿಗೆ ಹಿಡಿದು ನೋಡಿ, ಮ್ಯಾನೇಜರ ಕೋಣೆಯಲ್ಲಿ ಕೂತರು. ಎಳನೀರು ಕುಡಿದರು. ಕಾರಣ ಏನು ಅಂತ ಯಾರಿಗೂ ಕೇಳುವ ಅಗತ್ಯವಿರಲಿಲ್ಲ. ಒಲೆ ತೆಗೆಸಿ ಅಂದರು.

ಆದೇಶ ಟೈಪು ಮಾಡಲು ನನಗೆ ಬಂತು. "ಗೋದಾಮಿನಲ್ಲಿರುವ ಧೂಮರಹಿತ ಒಲೆಯನ್ನು ಕೆಡವಿ ಹಿಂದಿನ ವ್ಯವಸ್ಥೆಯನ್ನು ಮರುಸ್ಥಾಪಿಸತಕ್ಕದ್ದು." ಹಿಂದಿನ ವ್ಯವಸ್ಥೆ ಅನ್ನುವಲ್ಲಿ ನನ್ನ ಬೆರಳು ನಿಂತಿತು. ಕಾಗದವನ್ನು ಅಲ್ಲೇ ಬಿಟ್ಟು ಎದ್ದು ಮ್ಯಾನೇಜರ ಮುಂದೆ ಹೋಗಿ ನಿಂತೆ.

"ಸಾರ್, ಅಟ್ಟಕ್ಕೆ ಹೊಗೆ ಬೇಕು, ಒಪ್ಪಿದೆ. ನಿಂಗಮ್ಮ ಅದರಲ್ಲಿ ಯಾಕೆ ಕೂರಬೇಕು? ಆ ಕಡೆ ಮೂಲೇಲಿ ಒಂದು ಗುಂಡಿ ತೋಡಿ ಮಟ್ಟೆ ಉರಿಯೋಕೆ ಬಿಟ್ಟು, ಬಾಗಿಲು ಹಾಕ್ಕೊಂಡು ಬಂದ್ರೆ ಆಯ್ತು. ಅವಳ ಅಡುಗೆಗೆ ಆಚೆ ಒಂದು ಗುಡಿಸಲು ಹಾಕಿಸಿ."

ಮಲ್ಲಿಕಾರ್ಜುನಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಹೇಳೋದು ಸರೀನೇ ಕಣಮ್ಮ. ಆದ್ರೆ ಗುಂಡಿ ತೋಡಿದ್ರೆ ಅದು ಸರ್ಕಾರ ಹಾಕಿದ ಬೆಂಕಿ ಆಗುತ್ತೆ. ಅದಕ್ಕೆ ಪರ್ಮಿಷನ್ನು, ನೋಡ್ಕೊಳ್ಳೋಕೆ ಒಂದು ಪೋಸ್ಟು, ಬೆಂಕಿ ಆರಿಸೋ ಸಿಲಿಂಡರು, ಎಲ್ಲ ಬೇಕು. ಗುಡಿಸಲು ಹಾಕಿದ್ರೆ ಕ್ವಾರ್ಟರ್ಸ್ ಫೈಲು ಬಿದ್ದುಹೋಗುತ್ತೆ. ವಾಚ್‌ಮನ್ ಹೆಂಡತಿ ಅಡುಗೆ ಮಾಡ್ಕೊಂಡ್ರೆ ಅದು ಅವಳ ಅಡುಗೆ. ಯಾವ ಕಾಗದಾನೂ ಬೇಡ."

"ಅಂದ್ರೆ ಹಿಂದಿನ ವ್ಯವಸ್ಥೆ ಅಂದ್ರೆ ಅವಳು ಕೆಮ್ಮೋದೇ ಅಂತಾಯ್ತಲ್ಲ ಸಾರ್."

ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. ಕಿಟಕಿಯಾಚೆ ನೋಡುತ್ತಾ, "ನಮ್ಮವ್ವನೂ ಹಿಂಗೇ ಕೆಮ್ಮೋಳು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಟೈಪು ಮಾಡಿ ತನ್ನಿ" ಅಂದರು. ಮಾಡಿ ಕೊಟ್ಟೆ.

ಕೆಡವುವುದಕ್ಕೂ ಎಸ್ಟಿಮೇಟು, ಮಂಜೂರಾತಿ ಆಗಬೇಕಲ್ಲ. ಎಲ್ಲ ಮುಗಿದು ಬರುವ ಹೊತ್ತಿಗೆ ಎಂಬತ್ತಾರರ ಮಾರ್ಚ್ ತಿಂಗಳು. ತಿಂಗಳ ಕೊನೆಯೊಳಗೆ ಕೆಲಸ ಮುಗಿಯಬೇಕು, ಇಲ್ಲದಿದ್ದರೆ ಹಣ ವಾಪಸ್ಸು. ವಾಪಸ್ಸು ಹೋದ ಹಣ ನಮ್ಮ ಫಾರಮ್ಮಿಗೆ ತಿರುಗಿ ಬಂದ ಉದಾಹರಣೆ ಇಲ್ಲ. ಕೆಡವಲು ಗೊತ್ತುಮಾಡಿದ್ದು ಮತ್ತೆ ಅದೇ ಮುನಾವರನನ್ನು.

ವಿಷಯ ತಿಳಿಸಲು ಹನುಮಂತಯ್ಯನನ್ನೂ ನಿಂಗಮ್ಮನನ್ನೂ ಆಫೀಸಿಗೆ ಕರೆಸಿದರು. ಹನುಮಂತಯ್ಯ ಟವೆಲು ಕೈಯಲ್ಲಿ ಹಿಡಿದು ನೆಲ ನೋಡುತ್ತಾ ನಿಂತ. ನಿಂಗಮ್ಮ ಮಾತಾಡಿದಳು.

"ಸ್ವಾಮಿ, ಹೊಗೆ ಹಾಕ್ಬ್ಯಾಡಿ ಅನ್ನಾಕಿಲ್ಲ ನಾನು. ನಿಮ್ಗೆ ಕೊಬ್ರಿ ಬೇಕು. ಬೇಕಾದೋರು ಒಬ್ಬೊಬ್ರು ಒಂದೊಂದು ದಿನ ಬಂದು ಕುಂತ್ಕಳಿ. ಸಾಯೇಬ್ರೂ ಬರ್ಲಿ. ನನ್ ಪಾಳಿ ನಾನು ಕುಂತಾಗೈತೆ."

ಸ್ಟೋರ್‌ಕೀಪರ್ ಸೀಲಿಂಗ್ ನೋಡಿದ. ಡ್ರೈವರ್ ಮೆಲ್ಲನೆ ಹೊರಗೆ ಹೋದ. ನಾನು ಮನಸ್ಸಿನಲ್ಲೇ ನಿಂಗಮ್ಮನಿಗೆ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಮುನಾವರ್ ಹಾರೆ ಹೆಗಲ ಮೇಲಿಟ್ಟುಕೊಂಡು ಬಂದ. ಗೋದಾಮಿನೊಳಗೆ ಹೋದವನು ಹಾಗೇ ವಾಪಸ್ಸು ಬಂದು ಹೊಂಗೆ ಮರದ ಕೆಳಗೆ, ಡ್ರೈವರ್ ಪಕ್ಕದಲ್ಲಿ ಕೂತ.

"ಯಾಕಪ್ಪ?" ಅಂದೆ.

"ಒಲೆ ಹೊತ್ಕೊಂಡೈತೆ ಮೇಡಂ."

ನನಗೆ ಅರ್ಥವಾಯಿತು. ನಮ್ಮ ಕಡೆ ಉರಿಯುವ ಒಲೆಗೆ ಯಾರೂ ಕೈ ಹಾಕುವುದಿಲ್ಲ. ನೀರು ಹೊಯ್ಯುವುದಿಲ್ಲ, ಕಾಲು ತಾಗಿಸುವುದಿಲ್ಲ, ಒಡೆಯುವುದಂತೂ ದೂರದ ಮಾತು. ಅಣ್ಣತಮ್ಮಂದಿರು ಹೊಡೆದಾಡಿ ಪಾಲಾಗುವ ಮನೆಯಲ್ಲೂ ಹಳೆಯ ಒಲೆ ತಾನಾಗಿ ಆರುವ ತನಕ ಕಾಯುತ್ತಾರೆ.

"ನಿಮ್ಮಲ್ಲೂ ಹಂಗೇನಾ?" ಅಂತ ಕೇಳಿದೆ.

"ಎಲ್ಲಾರ ಮನೇಲೂ ಅನ್ನ ಬೇಯೋದು ಅದ್ರಾಗೇ ಅಲ್ವಾ ಮೇಡಂ? ಉರಿಯೋ ಒಲೆ ಒಡ್ದೆ ಅಂತ ನಮ್ಮಮ್ಮಂಗೆ ಗೊತ್ತಾದ್ರೆ ನನ್ನ ಮನೆ ಒಳಗೇ ಸೇರ್ಸಲ್ಲ. ಆರ್ಲಿ, ಆಮೇಲೆ ನೋಡಣ."

ಆರಲಿಲ್ಲ. ನಿಂಗಮ್ಮ ಆರಗೊಡಲಿಲ್ಲ. ಅನ್ನವಾದ ಮೇಲೆ ನೀರು ಕಾಯಿಸಿದಳು, ನೀರಾದ ಮೇಲೆ ಹುರುಳಿ ಬೇಯಿಸಿದಳು. ಏನೂ ಇಲ್ಲದಾಗ ಒಂದು ಮಟ್ಟೆ ತುರುಕಿ ಕೆಂಡ ಕಾಪಾಡಿದಳು. ತೆಂಗಿನ ಫಾರಮ್ಮಿನಲ್ಲಿ ಮಟ್ಟೆಗೆ ಬರವೇ? ರಾತ್ರಿ ಕಾವಲಿನ ಹನುಮಂತಯ್ಯ ಸುತ್ತು ಬರುವಾಗಲೆಲ್ಲ ಒಳಗೆ ಇಣುಕಿ ಕೆಂಡ ಕೆದಕಿ ಹೋಗುತ್ತಿದ್ದನಂತೆ. ಮುನಾವರ್ ದಿನಾ ಬಂದ, ಇಣುಕಿದ, ಮರದ ಕೆಳಗೆ ಕೂತ. ಮಧ್ಯಾಹ್ನ ನಿಂಗಮ್ಮನೇ ಅವನಿಗೆ ಮುದ್ದೆ ಕೊಡುತ್ತಿದ್ದಳು, ಆ ಒಲೆಯಲ್ಲಿ ಬೇಯಿಸಿದ್ದೇ. ಸಂಜೆ ಕೂಲಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದ. ಮ್ಯಾನೇಜರು ದಿನಾ ಕೇಳುವರು, "ಕೆಲಸ ಆಯ್ತಾ?" ನಾನು ಹೇಳುವೆ, "ಒಲೆ ಹೊತ್ತಿದೆ ಸಾರ್." ಅವರು, "ಹೌದಾ" ಅನ್ನುವರು. ದಂಡಿನಶಿವರದ ಮನುಷ್ಯ ಬೇರೇನು ಅನ್ನುತ್ತಾರೆ? ಹೊತ್ತಿದ ಒಲೆ ಒಡೆಯಿರಿ ಅಂತ ಬರೆಯಲು ಯಾವ ಆಧಾರವೂ ಅವರಿಗೆ ಸಿಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಸರ್ಕಾರದ ಕೂಲಿ ದಂಡವಾಗುವುದನ್ನು ನೋಡಿ ನಾನು ಖುಷಿಪಟ್ಟೆ.

ಮಾರ್ಚ್ ಮೂವತ್ತೊಂದು ಸೋಮವಾರ ಬಿತ್ತು. ಎದೆ ಪರೀಕ್ಷೆ ಮಾಡುವ ದೊಡ್ಡ ಡಾಕ್ಟರು ತುರುವೇಕೆರೆಗೆ ಬರುತ್ತಿದ್ದದ್ದು ಸೋಮವಾರ ಮಾತ್ರ. ನಿಂಗಮ್ಮ ಹೋಗಲೇಬೇಕಿತ್ತು, ಹನುಮಂತಯ್ಯನೂ ಜೊತೆಗೆ. ಬೆಳಿಗ್ಗೆ ನಾನು ಬಸ್ಸಿಳಿಯುವುದನ್ನೇ ಕಾಯುತ್ತಿದ್ದವಳು ನನ್ನ ಕೈ ಹಿಡಿದು ಒಲೆಯ ಮುಂದೆ ಕೂರಿಸಿದಳು.

"ನೋಡು ಟೈಪಮ್ಮ, ಇಲ್ಲಿ ಮಟ್ಟೆ ಐತೆ. ಒಂದು ಕೆಂಪಗಾಯ್ತಾ ಬಂದಂಗೆ ಇನ್ನೊಂದು ಇಡು. ಜಾಸ್ತಿ ತುರುಕ್‌ಬ್ಯಾಡ, ಆರಿ ಹೋಯ್ತದೆ. ಇವತ್ತೊಂದಿನ ಕಣವ್ವ. ಸಂಜೆ ಬಸ್ಸಿಗೆ ಬತ್ತೀನಿ."

"ನೀವು ಹೋಗಿ ಬನ್ನಿ ನಿಂಗಮ್ಮ, ನಾನಿದೀನಿ" ಅಂದೆ. ಭಾರಿ ಧೈರ್ಯದಿಂದಲೇ ಅಂದೆ.

ಆದರೆ ಮಾರ್ಚ್ ಮೂವತ್ತೊಂದು ಅಂದರೆ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟಿಗೆ ಉಗುಳು ನುಂಗಲೂ ಪುರುಸೊತ್ತಿರುವುದಿಲ್ಲ. ವರ್ಷವಿಡೀ ಮಲಗಿದ್ದ ಫೈಲುಗಳೆಲ್ಲ ಆ ದಿನ ಒಟ್ಟಿಗೆ ಎದ್ದು ಓಡುತ್ತವೆ. ಮಧ್ಯಾಹ್ನದ ತನಕ ನೀರು ಕುಡಿಯುವ ನೆಪ ಮಾಡಿಕೊಂಡು ಓಡಿ ಓಡಿ ಹೋಗಿ ಮಟ್ಟೆ ಇಟ್ಟು ಬಂದೆ. ಊಟದ ನಂತರ ಮ್ಯಾನೇಜರು ಒಂದರ ಮೇಲೊಂದು ತಖ್ತೆ ತಂದು ಹಾಕಿದರು. ಯಂತ್ರದ ಬಣ್ಣದ ಬಿಲ್ಲು, ಇಲ್ಲದ ಜೀಪಿನ ಟೈರಿನ ಬೇಡಿಕೆ, ಏನೇನೋ. ಒಂದು ಸಲ ಎದ್ದೆ, "ಇದೊಂದು ಮುಗಿಸಿಬಿಡಿ" ಅಂದರು. ಮತ್ತೊಂದು ಸಲ ಎದ್ದೆ, ಟಪಾಲಿನವನು ಬಾಗಿಲಲ್ಲೇ ನಿಂತಿದ್ದ. ನಾನು ಟೈಪು ಮಾಡುತ್ತಲೇ ಇದ್ದೆ. ತಲೆಯೊಳಗೆ ಮಾತ್ರ ಒಂದೇ ಒಂದು ಮಟ್ಟೆ ಸುಡುತ್ತಾ ಸಣ್ಣದಾಗುತ್ತಿತ್ತು.

ಬಿಡುವು ಸಿಕ್ಕಿದಾಗ ಬಿಸಿಲು ಹೊರಳಿತ್ತು. ಸೆರಗು ಸಿಕ್ಕಿಸಿಕೊಂಡು ಓಡಿದೆ. ಮರದ ಕೆಳಗೆ ಮುನಾವರ್ ಇರಲಿಲ್ಲ. ಗೋದಾಮಿನ ಷಟರ್ ಎತ್ತಿತ್ತು. ಒಳಗೆ ಅವನು ಹಾರೆ ಹಿಡಿದು ಒಲೆಯ ಪಕ್ಕ ನಿಂತಿದ್ದ. 'ಮುಗಿಯಿತು' ಅಂದುಕೊಂಡೆ. ನನ್ನ ಹಿಂದೆಯೇ ಮಲ್ಲಿಕಾರ್ಜುನಯ್ಯನವರೂ ಬಂದರು. ಅವರು ಗೋದಾಮಿನೊಳಗೆ ಕಾಲಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ನಿಂತು ಅಟ್ಟ ನೋಡಿದರು, ಗೋಡೆಗೆ ಮೆತ್ತಿದ್ದ ವರ್ಷಗಳ ಮಸಿ ನೋಡಿದರು, ಮೂಲೆಯಲ್ಲಿ ಸುತ್ತಿಟ್ಟ ಚಾಪೆ ನೋಡಿದರು.

"ಒಲೆ ಹೊತ್ತಿದೆಯೇನಪ್ಪ?" ಅಂತ ಕೇಳಿದರು.

ಮುನಾವರ್ ಬಗ್ಗಿ ಒಲೆಯ ಬಾಯೊಳಗೆ ನೋಡಿದ. ಮತ್ತೆ ನಿಧಾನವಾಗಿ ನೋಡಿದ. "ಕೆಂಡ ಐತೆ ಸಾರ್" ಅಂದ.

"ಸರಿಯಾಗಿ ನೋಡು."

"ಐತೆ ಸಾರ್. ಬೂದಿ ಒಳಗೆ."

ಮ್ಯಾನೇಜರು ತಾವೂ ಬಗ್ಗಿದರು. ಮಂಡಿ ನೋವಿನ ಮನುಷ್ಯ, ಗೋಡೆ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಬಹಳ ಹೊತ್ತು ಒಳಗೆ ನೋಡಿದರು. "ಹೌದು, ಇದೆ" ಅಂದರು. ಎದ್ದು ಪಂಚೆಯ ಬೂದಿ ಕೊಡವಿಕೊಂಡು ನನ್ನ ಕಡೆ ನೋಡದೆ, "ಗುರುಶಾಂತಮ್ಮ, ಅವಧಿಯೊಳಗೆ ಕಾಮಗಾರಿ ಸಾಧ್ಯವಾಗಲಿಲ್ಲ, ಹಣ ಹಿಂದಿರುಗಿಸಿದೆ ಅಂತ ಒಂದು ಟೈಪು ಮಾಡಿಬಿಡಿ" ಅಂದು ಹೊರಟುಹೋದರು. ಮುನಾವರ್ ಹಾರೆ ಹೆಗಲಿಗೇರಿಸಿ ಅವರ ಹಿಂದೆ ಹೋದ.

ನಾನು ಒಲೆಯೊಳಗೆ ಕೈ ಹಾಕಿದೆ. ಬೂದಿ ತಣ್ಣಗಿತ್ತು. ತಳದ ತನಕ ಕೆದಕಿದೆ. ಒಂದು ಕಿಡಿಯೂ ಇರಲಿಲ್ಲ.

ಅಲ್ಲೇ ಕೂತುಬಿಟ್ಟೆ. ಬೆರಳೆಲ್ಲ ಬೂದಿ. ಇಷ್ಟು ವರ್ಷ ಆ ಮನುಷ್ಯನನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ. ಅವರು ಒಂದೇ ಒಂದು ಸಲ ಆಧಾರವಿಲ್ಲದೆ ಮಾತಾಡಿದ್ದರು. ಹಾಗಂತ ಎಲ್ಲ ಸರಿಹೋಯಿತು ಅಂತಲ್ಲ. ಮುಂದಿನ ವರ್ಷವೂ ಅಟ್ಟಕ್ಕೆ ಹೊಗೆ ಇರುವುದಿಲ್ಲ, ಕಾಯನ್ನು ಹಸಿಯಾಗಿಯೇ ಸಿಕ್ಕ ಬೆಲೆಗೆ ಮಾರಬೇಕು. ಗುಂಡಿಯ ಬಗ್ಗೆ ಆಮೇಲೆ ನಾನು ಬರೆದು ಕೊಟ್ಟಿದ್ದ ಪ್ರಸ್ತಾವನೆ ಕ್ವಾರ್ಟರ್ಸ್ ಫೈಲಿನ ಪಕ್ಕದಲ್ಲಿ ಮಲಗುತ್ತದೆ. ಕೋಳಿಗಳು ಯಂತ್ರದಲ್ಲಿ ಮೊಟ್ಟೆ ಇಡುತ್ತವೆ. ಈ ಫಾರಂ ಇರುವುದೇ ಹೀಗೆ. ಆದರೂ ಆ ಸಂಜೆ ನನಗೆ ಸಿಟ್ಟಿರಲಿಲ್ಲ. ಸೋಮಾರಿತನಕ್ಕೂ ಹೆದರಿಕೆಗೂ ಒಮ್ಮೊಮ್ಮೆ ಕರುಣೆ ಬರುವುದುಂಟು ಅಂತ ಅನ್ನಿಸಿತು. ಅದನ್ನೇ ನಂಬಿಕೊಂಡು ಬದುಕಬೇಕಾಗಿ ಬಂದವರ ಪಾಡೇನು?

ಬಸ್ಸಿನ ಸದ್ದಾಯಿತು. ನಿಂಗಮ್ಮ ಮಾತ್ರೆಯ ಪೊಟ್ಟಣ ಹಿಡಿದು ಬೀಸು ನಡಿಗೆಯಲ್ಲಿ ಬಂದಳು, ಹನುಮಂತಯ್ಯ ಹಿಂದೆ ಉಳಿದಿದ್ದ. ಬಾಗಿಲಲ್ಲೇ ನಿಂತು ಒಲೆ ನೋಡಿದಳು, ಬೂದಿ ಹಿಡಿದ ನನ್ನ ಕೈ ನೋಡಿದಳು. ನಡೆದದ್ದನ್ನು ಹೇಳಲು ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಅಯ್ಯೋ ನಿನ್ ಮನೆ ಕಾಯ್ವಾಗ! ಆರುಸ್‌ಬಿಟ್ಯಾ? ಒಂದು ದಿನ, ಒಂದೇ ಒಂದು ದಿನ ನೋಡ್ಕ ಅಂದ್ರೆ ಒಲೆ ಮುಂದೆ ಕುಂತ್ಕಳಾಕಾಗ್ದೆ ಆ ಕಟಕಟ ಮಿಷನ್ ಮುಂದೆ ಕುಂತಿದ್ಯಾ? ಓದಿದ್ರೆ ಬಂತಾ, ಬಸ್ಸಾಗೆ ಓಡಾಡಿದ್ರೆ ಬಂತಾ, ಒಂದು ಮಟ್ಟೆ ಆದ್ಮೇಲೆ ಇನ್ನೊಂದು ಮಟ್ಟೆ ಇಡಾದು ಎಳೇ ಕೂಸಿಗೆ ಹೇಳಿದ್ರೂ ಮಾಡ್ತಿತ್ತು, ನಿಮ್ಮವ್ವ ನಿಂಗೆ ಒಲೆ ಮುಂದೆ ಏನ್ ಕಲ್ಸಿದ್ಳೇ, ನಾಳೆ ಗಂಡನ್ ಮನೇಗ್ ಹೋಗಿ ಏನ್ ಬೇಯ್ಸಿ ಹಾಕ್ತೀಯ, ಕಾಗ್ದ ಬೇಯ್ಸಿ ಹಾಕ್ತೀಯಾ, ಆ ಸಾಯೇಬ ಬಂದು ಒಡುಸ್‌ಬಿಟ್ಟಿದ್ರೆ ನಾನು ತಿರುಗ ಗ್ವಾಡೆಗೆ ಒರಗ್ಕಂಡು ಕುಂತ್ಕಬೇಕಾಗಿತ್ತಲ್ಲೇ, ನೀನು ಬಂದು ನನ್ನೆದೆ ಉಜ್ತಿದ್ಯಾ..."

ಅವಳು ನಿಲ್ಲಿಸಲಿಲ್ಲ. ನನ್ನ ಅವ್ವ, ಅಜ್ಜಿ, ನನ್ನ ಟೈಪ್‌ರೈಟರು, ಸರ್ಕಾರ, ಸಾಹೇಬರ ಜೀಪು, ಎಲ್ಲರಿಗೂ ಒಂದೊಂದು ಪಾಲು ಬಂತು. ಆಫೀಸಿನ ಬಾಗಿಲು ಹಾಕುತ್ತಿದ್ದ ಸ್ಟೋರ್‌ಕೀಪರ್ ಬೀಗ ಕೈಯಲ್ಲಿ ಹಿಡಿದು ಹಾಗೇ ನಿಂತ. ಹನುಮಂತಯ್ಯ ಬಂದು ಹೆಂಡತಿಯ ಮುಖವನ್ನೇ ನೋಡುತ್ತಾ ನಿಂತ.

ನಾನು ಕೆಮ್ಮಿಗಾಗಿ ಕಾದೆ. ಈಗ ಬರುತ್ತದೆ, ಇನ್ನೇನು ಬರುತ್ತದೆ ಅಂತ ಕಾದೆ. ಬರಲಿಲ್ಲ. ನಿಂಗಮ್ಮ ತನ್ನ ಬೈಗುಳವನ್ನು ಕೊನೆಯ ತನಕ ಬೈದು ಮುಗಿಸಿ, ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡು, ಬೆಂಕಿಪೊಟ್ಟಣ ತೆಗೆದು ಒಲೆ ಹಚ್ಚಲು ಕೂತಳು.